ಒಂದೂಕಾಲು ಚಟಾಕು

ಅಳತೆಗಳೂ ಅರಸರಂತೆಯೇ, ಆಳುವ ಕಾಲ ಮುಗಿದ ಮೇಲೆಯೂ ಜನರ ನಾಲಿಗೆಯ ಮೇಲೆ ಕೆಲವು ಕಾಲ ಬದುಕಿರುತ್ತವೆ. ನಮ್ಮ ಹಿರೋಳ್ಳಿಯು ಆಳಂದ ತಾಲ್ಲೂಕಿನ ಅಂಚಿನಲ್ಲಿರುವ ಗಡಿಯೂರು. ಊರನ್ನು ದಾಟಿದ ರಸ್ತೆ ನಾಕೆಯನ್ನು ಹಾದು ಮಹಾರಾಷ್ಟ್ರವನ್ನು ಸೇರುತ್ತದೆ. ಈ ಸೀಮೆ ೧೯೪೮ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದು, ೧೯೫೬ರ ನವೆಂಬರ್ ೧ರಂದು ಕನ್ನಡ ನಾಡಿನೊಂದಿಗೆ ಒಂದಾಯಿತು. ಸೇರು ಚಟಾಕುಗಳಿಗೆ ಬದಲಾಗಿ ಕಿಲೋಗ್ರಾಮನ್ನು ತಂದ ಕಾಯಿದೆಯೂ ಅದೇ ವರ್ಷದ್ದು. ಆದರೂ ನಮ್ಮ ಹಿರಿಯರ ಬಾಯಿಂದ ಪಾವು, ಚಟಾಕು, ತೊಲಗಳು ಪೂರ್ತಿಯಾಗಿ ಅಳಿದಿಲ್ಲ. ಎಂಬತ್ತು ತೊಲಕ್ಕೆ ಒಂದು ಸೇರು. ಸೇರಿಗೆ ಹದಿನಾರು ಚಟಾಕು. ಚಟಾಕೆಂದರೆ ಇಂದಿನ ಲೆಕ್ಕದಲ್ಲಿ ಸುಮಾರು ೫೮ ಗ್ರಾಂ. ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿದ ನನಗೆ ಈ ಹಳೆಯ ಕೋಷ್ಟಕವನ್ನು ಮರೆಯುವುದು ಇನ್ನೂ ಸಾಧ್ಯವಾಗಿಲ್ಲ.

ಈ ಚಟಾಕಿನ ಮಾತನ್ನು ನಾನು ಸುಮ್ಮನೆ ಎತ್ತಲಿಲ್ಲ. ವಾಚಕರು ಒಂದು ಕ್ಷಣ ಬಲಗೈಯ ಮೂರು ಬೆರಳುಗಳನ್ನು ಎಡ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡಕ್ಕೆ ನೇರವಾಗಿ ಇಟ್ಟು ನೋಡಬೇಕು. ಅಲ್ಲಿ ಒಂದು ಮಿಡಿತ ತಾಕುತ್ತದೆ. ಆ ಒಂದು ಮಿಡಿತಕ್ಕೆ ನಮ್ಮ ಗುಂಡಿಗೆಯಿಂದ ಎಷ್ಟು ರಕ್ತ ಹೊರಟಿತು? ಆರೋಗ್ಯವಂತನಾದ ಪ್ರೌಢನೊಬ್ಬ ವಿಶ್ರಾಂತನಾಗಿ ಕುಳಿತಿರುವಾಗ ಆ ಮೊತ್ತ ಹೆಚ್ಚು ಕಡಿಮೆ ೭೦ ಮಿಲಿಲೀಟರು. ರಕ್ತವು ನೀರಿಗಿಂತ ತುಸು ಭಾರವಾದುದರಿಂದ ಅದರ ತೂಕ ೭೪ ಗ್ರಾಮಿನಷ್ಟಾಗುತ್ತದೆ. ನಮ್ಮ ಹಿರಿಯರ ಭಾಷೆಯಲ್ಲಿ ಹೇಳುವುದಾದರೆ ಒಂದೂಕಾಲು ಚಟಾಕು. ಗಡಿಯ ಹೋಟೆಲಿನಲ್ಲಿ ಲಾರಿಯವರಿಗೆ ಚಹಾ ಕೊಡುವ ಆ ಪುಟ್ಟ ಗಾಜಿನ ಲೋಟ ತುಂಬಿದರೆ ಎಷ್ಟೋ, ಸರಿಸುಮಾರು ಅಷ್ಟೇ!

ಇಷ್ಟೇ ಏನು ಎಂದು ನಗಬೇಡಿ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ನಮ್ಮೊಳಗೇ ಒಬ್ಬನು ಹುಟ್ಟಿದಂದಿನಿಂದ ಆಚರಿಸುತ್ತ ಬಂದಿದ್ದಾನೆ. ನಿಮಿಷಕ್ಕೆ ೭೨ ಬಡಿತವೆಂದು ಹಿಡಿದರೆ ನಿಮಿಷಕ್ಕೆ ಐದು ಲೀಟರು ರಕ್ತ ಗುಂಡಿಗೆಯನ್ನು ದಾಟುತ್ತದೆ. ನಮ್ಮ ಮೈಯಲ್ಲಿರುವ ರಕ್ತವೆಲ್ಲ ಕೂಡಿದರೂ ಸುಮಾರು ಐದು ಲೀಟರೇ. ಎಂದರೆ ಇದ್ದಷ್ಟು ರಕ್ತವೂ ನಿಮಿಷಕ್ಕೊಮ್ಮೆ ಮೈಯನ್ನೆಲ್ಲ ಸುತ್ತಿ ಬರುತ್ತದೆ. ದಿನಕ್ಕೆ ಬಡಿತಗಳ ಸಂಖ್ಯೆ ಒಂದು ಲಕ್ಷವನ್ನು ಮೀರುತ್ತದೆ. ಸಾಗಿಸಿದ ರಕ್ತ ೭,೨೦೦ ಲೀಟರು. ಬೇಸಗೆಯಲ್ಲಿ ನಮ್ಮ ಮನೆಗಳ ಮುಂದೆ ನೀರು ತುಂಬಿಡುವ ೨೦೦ ಲೀಟರಿನ ಪೀಪಾಯಿಗಳನ್ನು ಸಾಲಾಗಿ ನಿಲ್ಲಿಸಿದರೆ ೩೬ ಪೀಪಾಯಿಗಳಾಗುತ್ತವೆ. ಇಷ್ಟನ್ನೂ ಎತ್ತಿ ಸಾಗಿಸುವ ಆಳಿನ ತೂಕವೆಷ್ಟು? ಕಾಲು ಕಿಲೋ, ಹೆಚ್ಚೆಂದರೆ ಮೂರು ನೂರು ಗ್ರಾಂ. ಕೂಲಿಯಿಲ್ಲ, ಸೂಟಿಯಿಲ್ಲ, ಬಡಿತ ಬಡಿತದ ನಡುವೆ ಸಿಕ್ಕುವ ಅರೆಗಳಿಗೆಯೇ ಅದರ ವಿಶ್ರಾಂತಿ.

ಈ ಲೆಕ್ಕವನ್ನು ಮಾಡುವುದು ಈಗ ಸುಲಭ. ಆದರೆ ನಾಲ್ಕು ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆ ವೈದ್ಯಲೋಕವನ್ನು ಬುಡಮೇಲು ಮಾಡಿತು. ರಕ್ತವು ಯಕೃತ್ತಿನಲ್ಲಿ ಅನ್ನದಿಂದ ಹುಟ್ಟಿ, ಅಂಗಾಂಗಗಳಿಗೆ ಹರಿದುಹೋಗಿ, ಹೊಲಕ್ಕೆ ಬಿಟ್ಟ ನೀರಿನಂತೆ ಅಲ್ಲಿಯೇ ಇಂಗಿಹೋಗುತ್ತದೆಂದು ಎರಡನೆಯ ಶತಮಾನದ ಗ್ಯಾಲೆನ್ ಹೇಳಿದ್ದನ್ನು ಯೂರೋಪಿನ ಪಂಡಿತರು ಸಾವಿರದ ನಾಲ್ಕು ನೂರು ವರ್ಷ ನಂಬಿದ್ದರು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆಯು ನಮ್ಮ ಶಾಲೆಯ ಹುಡುಗರೂ ಮಾಡಬಲ್ಲ ಒಂದು ಗುಣಾಕಾರವನ್ನು ಮಾಡಿದನು. ಬಡಿತಕ್ಕೆ ಅರ್ಧ ಔನ್ಸು ರಕ್ತ ಹೊರಡುವುದೆಂದು ಇಟ್ಟುಕೊಳ್ಳೋಣ. ಅರ್ಧ ಗಂಟೆಯಲ್ಲಿ ಸಾವಿರ ಬಡಿತ. ಒಟ್ಟು ಐದು ನೂರು ಔನ್ಸು. ಇದು ಮೈಯಲ್ಲಿರುವ ಎಲ್ಲ ರಕ್ತಕ್ಕಿಂತ ಎಷ್ಟೋ ಹೆಚ್ಚು. ಅರ್ಧ ಗಂಟೆಗೆ ಇಷ್ಟು ಹೊಸ ರಕ್ತ ಹುಟ್ಟುವಷ್ಟು ಅನ್ನವನ್ನು ಯಾವ ಬಕಾಸುರ ಉಣ್ಣಬಲ್ಲ? ಆದುದರಿಂದ ಹೋದ ರಕ್ತವೇ ಮರಳಿ ಬರುತ್ತಿರಬೇಕು, ಅದು ಚಕ್ರದಂತೆ ಸುತ್ತುತ್ತಿರಬೇಕು ಎಂದು ಆತ ೧೬೨೮ರಲ್ಲಿ ಅಚ್ಚಾದ ತನ್ನ ಲ್ಯಾಟಿನ್ ಗ್ರಂಥದಲ್ಲಿ ಸಾರಿದನು.

ಇದರಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದುದು ಹಾರ್ವೆ ಹಿಡಿದ ಅಂಕಿಗಳು. ನಿಜವಾಗಿ ಬಡಿತಕ್ಕೆ ಹೊರಡುವ ರಕ್ತ ಆತ ಹಿಡಿದುದರ ನಾಲ್ಕು ಪಟ್ಟಿಗೂ ಮಿಗಿಲು. ಅರ್ಧ ಗಂಟೆಯ ಬಡಿತಗಳು ಎರಡು ಸಾವಿರಕ್ಕೂ ಮಿಗಿಲು. ಎದುರಾಳಿಯ ಕಡೆಗೇ ತಕ್ಕಡಿಯನ್ನು ವಾಲಿಸಿ ತೂಗಿದರೂ ಸತ್ಯದ ತಟ್ಟೆಯೇ ಕೆಳಗಿಳಿಯಿತು. ರಕ್ತ ಅಪಧಮನಿಯಿಂದ ಅಭಿಧಮನಿಗೆ ದಾಟುವ ಕೂದಲೆಳೆಗಿಂತ ಸಣ್ಣ ನಾಳಗಳನ್ನು ಹಾರ್ವೆ ಕಣ್ಣಾರೆ ಕಾಣಲಿಲ್ಲ. ಆತ ತೀರಿಕೊಂಡ ನಾಲ್ಕು ವರ್ಷಗಳ ತರುವಾಯ, ೧೬೬೧ರಲ್ಲಿ, ಇಟಲಿಯ ಮಾಲ್ಪೀಘಿ ಅವುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ಕಣ್ಣಿಗೆ ಕಾಣದುದನ್ನು ಲೆಕ್ಕ ಮೊದಲೇ ಕಂಡಿತ್ತು!

ಪುಸ್ತಕದ ಈ ಲೆಕ್ಕ ನಮ್ಮ ಮನೆಯ ಲೆಕ್ಕವಾದದ್ದು ಕಾಕಾನ ದೆಸೆಯಿಂದ. ನನ್ನ ತಂದೆಯ ಕಿರಿಯ ತಮ್ಮನಾದ ಕಾಕಾ ಎಪ್ಪತ್ತು ದಾಟಿದವನು. ತೊಗರಿ ಜೋಳಗಳ ಕರಿಯ ಹೊಲದಲ್ಲಿ ಮೈ ಮುರಿದು ದುಡಿದವನು. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಅವನಿಗೆ ಹೊಲದಿಂದ ಮನೆಗೆ ಬರುವಷ್ಟರಲ್ಲಿ ಮೂರು ಕಡೆ ಕುಳಿತು ಏಳಬೇಕಾಗುತ್ತಿತ್ತು. ಸಂಜೆಗೆ ಪಾದಗಳು ಬಾತುಕೊಳ್ಳುತ್ತಿದ್ದವು. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಗೋಡೆಗೆ ಒರಗಿ ಕೂಡುತ್ತಿದ್ದನು. ಕಲಬುರಗಿಗೆ ಕರೆದೊಯ್ದು ತೋರಿಸಿದೆವು. ಎದೆಯ ಮೇಲೆ ತಣ್ಣನೆಯ ಲೇಪ ಹಚ್ಚಿ, ಒಂದು ಹಿಡಿಯನ್ನು ಒತ್ತಿ ಸರಿಸುತ್ತ, ಗುಂಡಿಗೆಯ ಚಿತ್ರವನ್ನು ಪರದೆಯ ಮೇಲೆ ನೋಡುವ ಎಕೋ ಪರೀಕ್ಷೆಯಾಯಿತು. ಕೈಗೆ ಬಂದ ಹಾಳೆಯಲ್ಲಿ ಇಂಗ್ಲಿಷ್ ಅಕ್ಷರಗಳ ನಡುವೆ ಒಂದು ಅಂಕಿ ಎದ್ದು ಕಾಣುತ್ತಿತ್ತು: ಶೇಕಡಾ ೩೨.

ಆ ಅಂಕಿಯ ಅರ್ಥವನ್ನು ಹೇಳಲು ಅಂದು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಮರುದಿನ ಬೇರೊಬ್ಬ ಹೃದಯತಜ್ಞರನ್ನು ಕಾಣುವುದೆಂದು ನಿಶ್ಚಯಿಸಿ, ಆ ರಾತ್ರಿ ಕಲಬುರಗಿಯ ಬೀಗರ ಮನೆಯಲ್ಲಿ ಉಳಿದೆವು. ಊಟಕ್ಕೆ ಕುಳಿತಾಗ ಕಾಕಾ ತಟ್ಟೆಯಲ್ಲಿದ್ದ ಜೋಳದ ರೊಟ್ಟಿಯನ್ನು ಮುರಿಯದೆ ನನ್ನ ಮುಖ ನೋಡಿದನು.

"ಎಷ್ಟ ಬಂದಾದ ನೋಡು ತಮ್ಮಾ! ನೂರಕ್ಕ ಮೂವತ್ತೆರಡು. ಮೂವತ್ತೈದಿಲ್ಲದ ನೀನರ ಯಾರಿಗಿ ಪಾಸ್ ಮಾಡೀದಿ?"

ನಗೆಮಾತಿನಂತೆ ಅಂದರೂ ಅವನ ದನಿಯಲ್ಲಿ ನಗೆಯಿರಲಿಲ್ಲ. ಕೈ ತೊಳೆದ ಮೇಲೆ ಅವನು ತನ್ನ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿದನು. ಎತ್ತುಗಳನ್ನು ಸಂಕ್ರಾಂತಿಗೆ ಮೊದಲೇ ಮಾರಿಬಿಡಬೇಕು; ಹೊಲವನ್ನು ಇಬ್ಬರು ಮಕ್ಕಳಿಗೆ ಬರೆದುಕೊಡಬೇಕು; ಔಷಧಕ್ಕೆಂದು ಸಾಲ ಮಾಡಕೂಡದು. ನೂರರಲ್ಲಿ ಅರವತ್ತೆಂಟು ಪಾಲು ಹೋಗಿಬಿಟ್ಟಿರುವ ಗುಂಡಿಗೆಗೆ ಹಣ ಸುರಿಯುವುದು ಒಡೆದ ಕೊಡಕ್ಕೆ ನೀರು ಹೊಯ್ದಂತೆ ಎಂಬುದು ಅವನ ವಾದ. ಕಾಕಿ ಒಂದೂ ಮಾತನಾಡದೆ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದಳು. ಒಂದು ಅಂಕಿ ಮನುಷ್ಯನನ್ನು ಹೇಗೆ ನೆಲಕ್ಕೆ ಕೆಡವಬಲ್ಲುದೆಂಬುದನ್ನು ಫಲಿತಾಂಶದ ದಿನ ಶಾಲೆಯಂಗಳದಲ್ಲಿ ನಾನು ಅನೇಕ ಸಲ ಕಂಡಿದ್ದೇನೆ. ಎಪ್ಪತ್ತು ದಾಟಿದವನಲ್ಲಿ ಕಂಡದ್ದು ಅದೇ ಮೊದಲು.

ಮರುದಿನ ನಾವು ಕಂಡ ವೈದ್ಯರು ವಯಸ್ಸಿನಲ್ಲಿ ಚಿಕ್ಕವರು, ನಮ್ಮ ಕಡೆಯವರೇ. ಹಾಳೆಯನ್ನು ನೋಡಿ, ಕಾಕಾನ ಮುಖವನ್ನೂ ನೋಡಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಮುತ್ಯಾ, ಇದರಾಗ ನೂರಕ್ಕ ನೂರು ಯಾರಿಗೂ ಬರಂಗಿಲ್ಲ. ನನಗ ನೋಡಿದರೂ ಅರವತ್ತೇ ಬರತದ."

ಕಾಕಾ ತಲೆಯೆತ್ತಿದನು. "ಡಾಕ್ಟರಿಗೇ ಅರವತ್ತೇನ್ರಿ?"

"ಪೈಲ್ವಾನಗೂ ಅಷ್ಟೇ. ಅರವತ್ತು ಬಂದರ ಪೂರಾ ಮಾರ್ಕು. ಈಗ ಹೇಳು, ನಿಂದು ಅರವತ್ತಕ್ಕ ಮೂವತ್ತೆರಡು."

ಇದು ಸಮಾಧಾನಕ್ಕಾಗಿ ಹೇಳಿದ ಸುಳ್ಳಲ್ಲ. ಗುಂಡಿಗೆಯ ಎಡಭಾಗದ ಕೆಳಗಿನ ಕೋಣೆಯಾದ ಎಡ ಹೃತ್ಕುಕ್ಷಿಯು ತುಂಬಿದಾಗ ಅದರಲ್ಲಿ ಸುಮಾರು ೧೨೦ ಮಿಲಿಲೀಟರು ರಕ್ತವಿರುತ್ತದೆ. ಕೋಣೆ ಹಿಂಡಿಕೊಂಡಾಗ ೭೦ ಹೊರಡುತ್ತದೆ. ಉಳಿದ ೫೦ ಅಲ್ಲಿಯೇ ನಿಲ್ಲುತ್ತದೆ. ತುಂಬಿದ್ದರಲ್ಲಿ ಹೊರಟ ಪಾಲು ಎಷ್ಟೆಂಬುದೇ ಆ ಹಾಳೆಯಲ್ಲಿರುವ ಶೇಕಡಾ ಅಂಕಿ. ಐವತ್ತೈದರಿಂದ ಎಪ್ಪತ್ತರವರೆಗೆ ಇದ್ದರೆ ಆರೋಗ್ಯ. ಒಮ್ಮೆಗೇ ಬರಿದಾಗುವುದು ಗುಂಡಿಗೆಯ ಧರ್ಮವೇ ಅಲ್ಲ. ಕಣಜವನ್ನು ಪೂರ್ತಿ ಬಳಿದು ಮಾರುವ ರೈತ ಬಿತ್ತನೆಗೆ ಏನು ಮಾಡುತ್ತಾನೆ? ಹಾಗೆಯೇ ಈ ಯಜಮಾನನೂ ಒಂದಿಷ್ಟನ್ನು ಹಿಂದೆ ಇಟ್ಟುಕೊಂಡೇ ಕೊಡುತ್ತಾನೆ. ಓಡಬೇಕಾದಾಗ, ಹೊರೆ ಹೊರಬೇಕಾದಾಗ ಇನ್ನಷ್ಟು ಬಿಗಿಯಾಗಿ ಹಿಂಡಿ, ಆ ಉಳಿತಾಯದಿಂದಲೇ ಒಂದಷ್ಟನ್ನು ತೆಗೆದು ಕಳಿಸುತ್ತಾನೆ.

ಅನಂತರ ವೈದ್ಯರು ಹಾಳೆಯ ಹಿಂಬದಿಯಲ್ಲಿ ಎರಡು ಗಡಿಗೆಗಳ ಚಿತ್ರ ಬರೆದರು. ಒಂದು ಚಿಕ್ಕದು, ಒಂದು ದೊಡ್ಡದು. ಚಿಕ್ಕದರ ಕೆಳಗೆ ೧೨೦, ದೊಡ್ಡದರ ಕೆಳಗೆ ೨೦೦ ಎಂದು ಬರೆದು ನನ್ನ ಕೈಗೆ ಲೇಖನಿ ಕೊಟ್ಟರು. ಕಾಕಾನ ಗುಂಡಿಗೆ ಹಿಗ್ಗಿ ದೊಡ್ಡದಾಗಿದೆ. ತುಂಬಿದಾಗ ೨೦೦ ಮಿಲಿಲೀಟರು ಹಿಡಿಯುತ್ತದೆ. ಅದರಲ್ಲಿ ಶೇಕಡಾ ೩೨ ಹೊರಟರೆ ಎಷ್ಟಾಯಿತು? ನಾನು ಗುಣಿಸಿ ನೋಡಿದೆ. ೬೪ ಮಿಲಿಲೀಟರು! ಕುಳಿತಿರುವ ನನ್ನ ಗುಂಡಿಗೆ ಬಡಿತಕ್ಕೆ ಕಳಿಸುವುದಕ್ಕಿಂತ ಐದಾರು ಮಿಲಿಲೀಟರು ಕಡಿಮೆ, ಅಷ್ಟೇ. ಹೆದರಿಸಿದ ಅಂಕಿ ಪಾಲಿನದು. ಹೊಟ್ಟೆ ತುಂಬಿಸುವ ಅಂಕಿ ಮೊತ್ತದ್ದು. ಹತ್ತು ಎಕರೆಯ ಬಡಪಾಲೂ ಆರು ಎಕರೆಯ ಒಳ್ಳೆಯ ಪಾಲೂ ಕಣದಲ್ಲಿ ಒಂದೇ ರಾಶಿಯಾಗಬಹುದೆಂಬುದು ರೈತನಾದ ಕಾಕಾನಿಗೆ ನನಗಿಂತ ಮೊದಲೇ ಅರ್ಥವಾಯಿತು.

ಆದರೆ ವೈದ್ಯರು ಅಷ್ಟಕ್ಕೇ ಬಿಡಲಿಲ್ಲ. ಗಡಿಗೆ ದೊಡ್ಡದಾದುದು ಭಾಗ್ಯವಲ್ಲ, ಅದು ಸೋತ ಸ್ನಾಯು ಕಂಡುಕೊಂಡ ಉಪಾಯ. ಹಿಂದೊಮ್ಮೆ ರಾತ್ರಿಯೆಲ್ಲ ಎದೆಯುರಿಯೆಂದು ಕಾಕಾ ಸೋಡಾ ಕುಡಿದು ಮಲಗಿದ್ದನಂತೆ. ಅದು ಹೊಟ್ಟೆಯ ಉರಿಯಾಗಿರದೆ ಗುಂಡಿಗೆಯ ಆಘಾತವಾಗಿತ್ತೆಂದು ವೈದ್ಯರು ಪರೀಕ್ಷೆಗಳಿಂದ ತಿಳಿದಿದ್ದರು. ಗುಂಡಿಗೆಯೊಳಗೆ ದಿನಕ್ಕೆ ಸಾವಿರಾರು ಲೀಟರು ರಕ್ತ ಹಾಯ್ದುಹೋದರೂ ಅದು ತನ್ನ ಪಾಲನ್ನು ಒಳಗಿನಿಂದ ಹೀರಿಕೊಳ್ಳಲಾರದು. ಮಹಾಪಧಮನಿಯ ಬುಡದಲ್ಲಿ ಕವಲೊಡೆಯುವ ಎರಡು ಸಣ್ಣ ನಾಳಗಳಿಂದ, ಹೊರಟ ರಕ್ತದ ಇಪ್ಪತ್ತರಲ್ಲಿ ಒಂದು ಭಾಗವನ್ನು ಮಾತ್ರ ಅದು ತನಗೆಂದು ಪಡೆಯುತ್ತದೆ. ಊರಿಗೆಲ್ಲ ಬಡಿಸುವವನ ಊಟದ ದಾರಿ ಅಷ್ಟು ಕಿರಿದು! ಆ ದಾರಿ ಕಟ್ಟಿಕೊಂಡರೆ ಅದರಾಚೆಯ ಸ್ನಾಯು ಕೆಲವು ಗಂಟೆಗಳಲ್ಲಿ ಸಾಯುತ್ತದೆ. ಸತ್ತ ಭಾಗ ಹಿಂಡಲಾರದು. ಉಳಿದ ಭಾಗ ಹಿಗ್ಗಿ ಆ ಕೆಲಸವನ್ನೂ ಹೊರುತ್ತದೆ. ಕುಳಿತಾಗ ಸಾಲುವ ಆ ೬೪ ಮಿಲಿಲೀಟರು ದಿಬ್ಬ ಹತ್ತುವಾಗ ಏರುವುದಿಲ್ಲ. ಉಳಿತಾಯದ ಗಂಟು ಖರ್ಚಾಗಿಹೋಗಿರುತ್ತದೆ. ಆಗ ಬಡಿತಗಳೇ ಹೆಚ್ಚಬೇಕು, ಉಸಿರೇ ಮೇಲಾಗಬೇಕು.

ಮನೆಗೆ ಮರಳುವಾಗ ನನಗೆ ನಮ್ಮ ಹಳೆಯ ತೋಟದ ಬಾವಿ ನೆನಪಿಗೆ ಬಂದಿತು. ವಿದ್ಯುತ್ತಿನ ಪಂಪು ಬರುವ ಮುಂಚೆ ಎರಡೆತ್ತು ಹೂಡಿ ತೊಗಲಿನ ಚೀಲದಿಂದ ನೀರೆತ್ತುತ್ತಿದ್ದರು. ಬಾವಿ ತುಂಬಿದ್ದರೆ ಚೀಲ ತುಂಬಿ ಬರುತ್ತಿತ್ತು. ಎತ್ತುಗಳು ನಿಧಾನವಾಗಿ ಇಳಿಜಾರಿನಲ್ಲಿ ಹೋಗಿ ಬಂದರೂ ಕಾಲುವೆ ತುಂಬಿ ಹರಿಯುತ್ತಿತ್ತು. ಬಾವಿ ಬತ್ತಿದಾಗ ಚೀಲ ಅರೆಬರೆ ತುಂಬುತ್ತಿತ್ತು. ಅಷ್ಟೇ ಮಡಿ ನೆನೆಯಬೇಕಾದರೆ ಎತ್ತುಗಳು ಎರಡರಷ್ಟು ಸಲ ತಿರುಗಬೇಕಾಗುತ್ತಿತ್ತು. ಚೀಲ ಹರಿದಿದ್ದರಂತೂ ಎತ್ತಿದ ನೀರಿನಲ್ಲಿ ಅರ್ಧ ಬಾವಿಗೇ ಸುರಿಯುತ್ತಿತ್ತು. ಗುಂಡಿಗೆಯ ಸಂಸಾರವೂ ಹೀಗೆಯೇ. ಅದರ ಕವಾಟಗಳು ನಮ್ಮೂರ ನಾಕೆಗಿಂತ ಕಟ್ಟುನಿಟ್ಟಾದವು, ಒಂದೇ ದಿಕ್ಕಿಗೆ ಬಿಡುತ್ತವೆ. ಆ ಕವಾಟ ಸಡಿಲಾದರೆ ಮುಂದೆ ಹೋಗಬೇಕಾದ ರಕ್ತ ಹಿಂದಕ್ಕೆ ಸೋರುತ್ತದೆ. ಬಡಿತವೇನೋ ಇದೆ, ಮೊತ್ತ ತಲುಪುವುದಿಲ್ಲ. ದಿನವೂ ಓಡುವ ಕ್ರೀಡಾಪಟುವಿನ ನಾಡಿ ನಿಮಿಷಕ್ಕೆ ೫೦ ಇದ್ದರೂ ಚಿಂತೆಯಿಲ್ಲದಿರುವುದಕ್ಕೆ ಕಾರಣವೂ ಇದೇ. ಆತನ ಗುಂಡಿಗೆ ಒಂದು ಸಲಕ್ಕೆ ೧೦೦ ಮಿಲಿಲೀಟರು ಎತ್ತುತ್ತದೆ. ಗಟ್ಟಿ ಎತ್ತು, ದೊಡ್ಡ ಚೀಲ, ಕಡಿಮೆ ತಿರುಗಾಟ.

ನಮ್ಮ ಬಿಸಿಲು ಈ ಲೆಕ್ಕವನ್ನು ಹೇಗೆ ಕಾಡುತ್ತದೆಂಬುದನ್ನೂ ಹೇಳಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿ ಸೀಮೆಯ ಬಿಸಿಲು ೪೨ ಡಿಗ್ರಿಯನ್ನು ಮುಟ್ಟುವುದು ನಮಗೆ ಹೊಸದೇನೂ ಅಲ್ಲ. ಬೆವರಿನಲ್ಲಿ ನೀರು ಹೋದಷ್ಟೂ ರಕ್ತದ ಪ್ರಮಾಣ ಕುಗ್ಗುತ್ತದೆ. ಮೈಯನ್ನು ತಂಪಾಗಿಸಲು ಚರ್ಮದ ನಾಳಗಳು ಅಗಲವಾಗಿ ಹೆಚ್ಚು ರಕ್ತ ಅತ್ತ ಹರಿಯುತ್ತದೆ. ಗುಂಡಿಗೆಗೆ ಮರಳುವುದು ಕಡಿಮೆಯಾಗಿ ಬಡಿತದ ಮೊತ್ತ ಇಳಿಯುತ್ತದೆ, ನಾಡಿ ಓಡತೊಡಗುತ್ತದೆ. ನಡುಹಗಲಿನಲ್ಲಿ ಕಳೆ ಕೀಳುತ್ತಿದ್ದ ಹೆಂಗಸು ಥಟ್ಟನೆ ಎದ್ದು ನಿಂತಾಗ ಕಣ್ಣಿಗೆ ಕತ್ತಲು ಬರುವುದು ಇದರಿಂದಲೇ. ಆರೋಗ್ಯವಂತರಿಗೆ ನೆರಳು, ನೀರು, ಮಜ್ಜಿಗೆ ಸಾಕು. ಕಾಕಾನಂಥವರ ಮಾತು ಬೇರೆ. ಅವರಿಗೆ ನೀರು ಹೆಚ್ಚಾದರೆ ಕಾಲಿಗೂ ಶ್ವಾಸಕೋಶಕ್ಕೂ ಇಳಿಯುತ್ತದೆ, ಕಡಿಮೆಯಾದರೆ ರಕ್ತದೊತ್ತಡ ಬೀಳುತ್ತದೆ. ಅವರ ನೀರಿನ ಅಳತೆಯನ್ನು ವೈದ್ಯರೇ ಹೇಳಬೇಕು.

ಬಂದಷ್ಟನ್ನು ಕೊಡುವ ಈ ಗುಣಕ್ಕೆ ಶಾಸ್ತ್ರಜ್ಞರ ಹೆಸರೂ ಅಂಟಿಕೊಂಡಿದೆ. ಜರ್ಮನಿಯ ಆಟೋ ಫ್ರಾಂಕ್ ೧೮೯೫ರಲ್ಲಿ ಕಪ್ಪೆಯ ಗುಂಡಿಗೆಯಲ್ಲಿಯೂ, ಲಂಡನ್ನಿನ ಸ್ಟಾರ್ಲಿಂಗ್ ೧೯೧೪ರ ಸುಮಾರಿಗೆ ನಾಯಿಯ ಗುಂಡಿಗೆಯಲ್ಲಿಯೂ ಇದನ್ನು ತೋರಿಸಿದರು. ಒಳಗೆ ಹೆಚ್ಚು ರಕ್ತ ಬಂದು ಸ್ನಾಯುವಿನ ಎಳೆಗಳು ಹಿಗ್ಗಿದರೆ ಅವು ಮುಂದಿನ ಸಲ ಹೆಚ್ಚು ಬಲದಿಂದ ಕುಗ್ಗುತ್ತವೆ. ಮೆದುಳಿನ ಅಪ್ಪಣೆಗೂ ಕಾಯುವುದಿಲ್ಲ. ಬಲಗಡೆಯ ಕೋಣೆ ಶ್ವಾಸಕೋಶಕ್ಕೆ ಕಳಿಸಿದಷ್ಟನ್ನೇ ಎಡಗಡೆಯದು ಮೈಗೆ ಕಳಿಸಬೇಕು. ಬಲಗಡೆ ಬಡಿತಕ್ಕೆ ಒಂದೇ ಒಂದು ಮಿಲಿಲೀಟರು ಹೆಚ್ಚು ಕಳಿಸುತ್ತ ಹೋಯಿತೆನ್ನಿ; ಒಂದು ಗಂಟೆಯಲ್ಲಿ ನಾಲ್ಕು ಲೀಟರಿಗೂ ಹೆಚ್ಚು ರಕ್ತ ಶ್ವಾಸಕೋಶದಲ್ಲಿ ತುಂಬಿ ಮನುಷ್ಯ ತನ್ನ ರಕ್ತದಲ್ಲೇ ಮುಳುಗಿಹೋದಾನು. ಹಾಗಾಗದಂತೆ ಎಡಗಡೆಯದು ಬಂದ ಹೆಚ್ಚಳವನ್ನು ಕೂಡಲೇ ಮುಂದಕ್ಕೆ ಸಾಗಿಸಿಬಿಡುತ್ತದೆ. ನಮ್ಮ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆನಿಂತ ಶರಣಬಸವೇಶ್ವರರ ದಾಸೋಹವನ್ನು ಬಲ್ಲವರಿಗೆ ಈ ನಿಯಮವನ್ನು ವಿವರಿಸಿ ಹೇಳಬೇಕಾಗಿಲ್ಲ. ಬಂದ ಧಾನ್ಯ ಬಂದವರ ಎಲೆಗೆ, ಕೂಡಿಡುವ ಮಾತಿಲ್ಲ.

ಎದೆಯನ್ನು ಸೀಳದೆ ಈ ಮೊತ್ತವನ್ನು ಅಳೆಯುವುದು ಹೇಗೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಕಥೆಯೂ ಸೊಗಸಾದುದು. ೧೮೭೦ರಲ್ಲಿ ಅಡಾಲ್ಫ್ ಫಿಕ್ ಎಂಬ ಜರ್ಮನ್ ಪಂಡಿತ ಒಂದು ತ್ರೈರಾಶಿಕವನ್ನು ಮುಂದಿಟ್ಟನು. ಮೈ ನಿಮಿಷಕ್ಕೆ ೨೫೦ ಮಿಲಿಲೀಟರು ಆಮ್ಲಜನಕವನ್ನು ಬಳಸುತ್ತದೆ. ಪ್ರತಿ ಲೀಟರು ರಕ್ತ ೨೦೦ ಹೊತ್ತು ಹೋಗಿ ೧೫೦ರೊಂದಿಗೆ ಮರಳುತ್ತದೆ. ಎಂದರೆ ಲೀಟರಿಗೆ ೫೦ರಂತೆ ಇಳಿಸಿ ಬಂದಿದೆ. ೨೫೦ ಇಳಿಯಬೇಕಾದರೆ ಐದು ಲೀಟರು ಹೋಗಿರಬೇಕು. ಅದನ್ನು ನಾಡಿಯಿಂದ ಭಾಗಿಸಿದರೆ ಒಂದು ಬಡಿತದ ಪಾಲು. ಲೆಕ್ಕವೇನೋ ಸರಿ, ಆದರೆ ಮರಳುವ ರಕ್ತವನ್ನು ಗುಂಡಿಗೆಯ ಬಳಿಯಿಂದಲೇ ತೆಗೆಯಬೇಕಲ್ಲ? ೧೯೨೯ರಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ ತನ್ನ ತೋಳಿನ ಅಭಿಧಮನಿಯ ಮೂಲಕ ಸಪೂರವಾದ ಕೊಳವೆಯೊಂದನ್ನು ತನ್ನದೇ ಗುಂಡಿಗೆಯವರೆಗೆ ತೂರಿಸಿ, ಕ್ಷಕಿರಣ ಚಿತ್ರವನ್ನೂ ತೆಗೆಸಿಕೊಂಡನು. ಆ ದಾರಿಯಲ್ಲಿ ಮುಂದುವರಿದ ಇಬ್ಬರೊಂದಿಗೆ ಅವನಿಗೆ ೧೯೫೬ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಈ ನಡುವೆ ೧೯೫೩ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ ಎಂಬವರು, ಲೋಹದೊಳಗಿನ ಬಿರುಕನ್ನು ಕಿವಿಗೆ ಕೇಳದ ಶಬ್ದದಿಂದ ಪತ್ತೆಮಾಡುವ ಯಂತ್ರವನ್ನು ತಂದು ಎದೆಗೆ ಒತ್ತಿ ನೋಡಿದರು. ಕಾಕಾನ ಎದೆಯ ಮೇಲೆ ಸರಿದಾಡಿದ ಹಿಡಿ ಅದರ ಮೊಮ್ಮಗ.

ಕಾಕಾ ಊರಿಗೆ ಬಂದ ಮೇಲೆ ಎತ್ತುಗಳನ್ನು ಮಾರಲಿಲ್ಲ. ಹೊಲವನ್ನು ಪಾಲಿಗೆ ಕೊಟ್ಟು, ಬೆಳಗಿನ ತಂಪಿನಲ್ಲಿ ಬದುವಿನವರೆಗೆ ಮೆಲ್ಲನೆ ನಡೆದುಹೋಗಿ ಬರುವ ರೂಢಿ ಮಾಡಿಕೊಂಡನು. ಕಾಕಿ ಶೇಂಗಾ ಹಿಂಡಿಗೆ ಉಪ್ಪು ಹಾಕುವುದನ್ನು ಕಡಿಮೆ ಮಾಡಿದಳು. ಉಪ್ಪಿನಕಾಯಿಯ ಭರಣಿ ಅಟ್ಟವನ್ನೇರಿತು. ಗುಳಿಗೆಗಳನ್ನು ಹೊತ್ತಿಗೆ ಸರಿಯಾಗಿ ಕೊಡುವ ಭಾರ ಮೊಮ್ಮಗಳದು. ದಿನವೂ ಬೆಳಿಗ್ಗೆ ತಕ್ಕಡಿಯಂತ್ರದ ಮೇಲೆ ನಿಂತು ತೂಕ ನೋಡಿಕೊಳ್ಳಬೇಕು. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಮಾಂಸವಲ್ಲ, ನಿಂತ ನೀರು ಎಂದು ವೈದ್ಯರು ಎಚ್ಚರಿಸಿದ್ದರು. ಎಂಟು ತಿಂಗಳ ಮೇಲೆ ಮತ್ತೆ ಪರೀಕ್ಷೆಯಾದಾಗ ಅಂಕಿ ೩೮ಕ್ಕೆ ಬಂದಿತ್ತು. "ಪಾಸಾದ್ನೆಲ್ಲೋ ತಮ್ಮಾ!" ಎಂದು ಅವನು ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದು ನಿಜ. ಎಲ್ಲರ ಅಂಕಿಯೂ ಹೀಗೆ ಏರುವುದಿಲ್ಲವೆಂದು ವೈದ್ಯರು ಹೇಳಿದ್ದರು. ಏರದಿದ್ದರೂ ಇದ್ದುದರಲ್ಲಿಯೇ ವರ್ಷಗಟ್ಟಲೆ ಬಾಳುವವರಿದ್ದಾರೆ.

ಮೊದಲೆಲ್ಲ ಎದೆನೋವೆಂದರೆ ಗಡಿ ದಾಟಿ ಸೊಲ್ಲಾಪುರಕ್ಕೆ ಓಡುವುದೇ ನಮ್ಮ ಕಡೆಯ ರೂಢಿಯಾಗಿತ್ತು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ೨೦೧೬ರಲ್ಲಿ ತೆರೆಯಿತು. ೨೦೨೪ರ ಡಿಸೆಂಬರಿನಲ್ಲಿ ೩೭೧ ಹಾಸಿಗೆಗಳ ಹೊಸ ಕಟ್ಟಡವೂ ಆರಂಭವಾಯಿತು. ೨೦೨೧ರ ಅಕ್ಟೋಬರ್ ೨೯ರಂದು ನಟ ಪುನೀತ್ ರಾಜ್‌ಕುಮಾರ್ ೪೬ನೆಯ ವಯಸ್ಸಿನಲ್ಲಿಯೇ ಹೃದಯದ ತೊಂದರೆಯಿಂದ ತೀರಿಹೋದ ಮೇಲೆ ಅವರ ಹೆಸರಿನಲ್ಲಿ ಸರ್ಕಾರ ಹೃದಯಜ್ಯೋತಿ ಯೋಜನೆಯನ್ನು ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಹೃದಯದ ವಿದ್ಯುತ್ ಲೇಖನವನ್ನು ದೂರದಲ್ಲಿರುವ ತಜ್ಞರು ಓದಿ ಹೇಳುವುದು, ಹೆಪ್ಪನ್ನು ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ಉದ್ದೇಶ. ಆದರೆ ರೋಗಿ ಬೇಗನೆ ಬಂದರಷ್ಟೇ ಇವೆಲ್ಲವುಗಳ ಪ್ರಯೋಜನ. ಎದೆಯ ನಡುವೆ ಬಿಗಿತ, ಎಡತೋಳಿಗೋ ದವಡೆಗೋ ಹಬ್ಬುವ ನೋವು, ತಣ್ಣನೆಯ ಬೆವರು ಇವು ಕಂಡೊಡನೆ ಸೋಡಾದ ಬಾಟಲಿಯನ್ನು ಹುಡುಕದೆ ಗಾಡಿಯನ್ನು ಹುಡುಕಬೇಕು. ಸತ್ತ ಸ್ನಾಯುವನ್ನು ಯಾವ ಔಷಧವೂ ಬದುಕಿಸದು. ಸಾಯುತ್ತಿರುವುದನ್ನು ಮೊದಲ ಒಂದೆರಡು ಗಂಟೆಗಳಲ್ಲಿ ಬಹುಮಟ್ಟಿಗೆ ಉಳಿಸಬಹುದು.

ನಾವು ಗುಂಡಿಗೆಯನ್ನು ಪ್ರೀತಿಯ ಮನೆಯೆಂದು ಹಾಡಿದ್ದೇವೆ, ಧೈರ್ಯದ ಕೋಟೆಯೆಂದು ಹೊಗಳಿದ್ದೇವೆ. ಅದು ಇವೆರಡಕ್ಕೂ ಮೊದಲು ಒಬ್ಬ ಒಳ್ಳೆಯ ಒಕ್ಕಲಿಗ. ಬಂದುದನ್ನು ಕೊಡುತ್ತದೆ, ಕೊಡುವಾಗ ಮುಂದಿನ ಹೊತ್ತಿಗೆಂದು ಒಂದಿಷ್ಟನ್ನು ಉಳಿಸಿಕೊಳ್ಳುತ್ತದೆ, ಬಲ ಕುಂದಿದಾಗ ತಾನು ಹಿಗ್ಗಿಯಾದರೂ ಮನೆಮಂದಿಯ ಪಾಲನ್ನು ಸರಿದೂಗಿಸುತ್ತದೆ. ಹಾಗೆ ದುಡಿಯುವವನಿಗೆ ನಾವು ಶೇಕಡಾವಾರು ಅಂಕ ಕೊಟ್ಟು ನಪಾಸು ಮಾಡಿಬಿಡಬಾರದು. ವೈದ್ಯರ ಹಾಳೆಯಲ್ಲಿ ಅಂಕಿಯೊಂದನ್ನು ಕಂಡು ಎದೆಗುಂದಿದವರು ನಿಮ್ಮ ಮನೆಯಲ್ಲಿದ್ದರೆ ಅವರ ಬಳಿ ಕುಳಿತು, ಅದು ಯಾವುದರಲ್ಲಿ ಯಾವುದರ ಪಾಲೆಂಬುದನ್ನು ಬಿಡಿಸಿ ಹೇಳಿರಿ. ಪೂರ್ಣಾಂಕ ಅರವತ್ತೆಂಬುದನ್ನು ಮಾತ್ರ ಮೊದಲಿಗೇ ಹೇಳಲು ಮರೆಯಬೇಡಿರಿ.